ಅಸೈನ್‌ಮೆಂಟಿಗೆ ಸ್ಕಾಲರ್ಲಿ ಆರ್ಟಿಕಲ್ ಹುಡುಕೋದು ಹೇಗೆ: ಲೈಬ್ರರಿ ಡೇಟಾಬೇಸ್ ಬಳಸೋ ಪೂರ್ತಿ ವಿಧಾನ

"ಕನಿಷ್ಠ ಐದು ಸ್ಕಾಲರ್ಲಿ ಆರ್ಟಿಕಲ್ ರೆಫರ್ ಮಾಡಿರಬೇಕು" ಅಂತ ಅಸೈನ್‌ಮೆಂಟ್ ಶೀಟಲ್ಲಿ ಒಂದು ಸಾಲು ಇರತ್ತೆ, ಆದ್ರೆ ಅದನ್ನ ಎಲ್ಲಿ ಹುಡುಕ್ಬೇಕು, ಹೇಗೆ ಹುಡುಕ್ಬೇಕು ಅನ್ನೋದನ್ನ ಕೂತು ಹೇಳ್ಕೊಡೋರು ತುಂಬ ಕಮ್ಮಿ. ಹಾಗಾಗಿ ಮಕ್ಕಳು ಏನ್ ಮಾಡ್ತಾರೆ, ಗೂಗಲಲ್ಲಿ ಟಾಪಿಕ್ ಹೆಸರು ಹಾಕಿ ಮೊದಲ ಪೇಜಲ್ಲಿ ಬಂದಿದ್ದನ್ನೇ ತಗೊಂಡು ಬರೀತಾರೆ, ಮೇಷ್ಟ್ರು ಅದನ್ನ ನೋಡಿ ಮಾರ್ಕ್ಸ್ ಕಟ್ ಮಾಡ್ತಾರೆ, ಯಾಕೆ ಕಟ್ ಆಯ್ತು ಅಂತ ಮಕ್ಕಳಿಗೆ ಕೊನೆವರೆಗೂ ಗೊತ್ತಾಗಲ್ಲ. ಡಿಗ್ರಿ, ಪಿಜಿ ಓದೋರು, ಮೊದಲ ಸಲ ರಿಸರ್ಚ್ ಪೇಪರ್ ಹುಡುಕ್ತಿರೋರು, ಇವ್ರಿಗೆ ಅಂತಾನೇ ಇದನ್ನ ಉದ್ದವಾಗಿ ಬರೀತಿದ್ದೀನಿ. ಒಂದೇ ಒಂದು ಟಾಪಿಕ್ ಹಿಡ್ಕೊಂಡು ಮೊದಲಿಂದ ಕೊನೆವರೆಗೂ ಹುಡುಕಿ ತೋರಿಸ್ತೀನಿ: ಕೋಲಾರದ ಕಡೆ ಕೆರೆ ನೀರಾವರಿ ಹೋಗಿ ಬೋರ್‌ವೆಲ್ ಯಾಕೆ ಬಂತು.

ಮೊದಲು ಸ್ಕಾಲರ್ಲಿ ಅಂದ್ರೆ ಏನು ಅನ್ನೋದು. ಒಬ್ರು ಸಂಶೋಧನೆ ಮಾಡಿ ಬರೆದು ಜರ್ನಲಿಗೆ, ಅಂದ್ರೆ ಸಂಶೋಧನಾ ಲೇಖನ ಅಚ್ಚು ಹಾಕೋ ಪತ್ರಿಕೆಗೆ ಕಳಿಸ್ತಾರೆ, ಅದೇ ವಿಷಯ ಗೊತ್ತಿರೋ ಬೇರೆ ಇಬ್ರು ಮೂರು ಜನ ಅದನ್ನ ಓದಿ ಇಲ್ಲಿ ಸರಿ ಇಲ್ಲ, ಇಲ್ಲಿ ಪುರಾವೆ ಸಾಲ್ದು ಅಂತ ತಿದ್ದಿಸ್ತಾರೆ, ಆಮೇಲೆ ಅದು ಅಚ್ಚಾಗತ್ತೆ. ಇದನ್ನೇ ಪಿಯರ್ ರಿವ್ಯೂ ಅನ್ನೋದು. ಪೇಪರ್ ವರದಿ, ಬ್ಲಾಗ್, ವಿಕಿಪೀಡಿಯ, ಎನ್‌ಜಿಒ ರಿಪೋರ್ಟ್ ಇವೆಲ್ಲ ಓದ್ಬಾರ್ದು ಅಂತಲ್ಲ, ವಿಷಯ ಅರ್ಥ ಮಾಡ್ಕೊಳ್ಳೋಕೆ ಚೆನ್ನಾಗೇ ಇರತ್ತೆ, ಆದ್ರೆ ಆ ಐದರ ಲೆಕ್ಕಕ್ಕೆ ಬರಲ್ಲ.

ನಿಮ್ಮ ಕಾಲೇಜಲ್ಲಿ ಏನಿದೆ ಅಂತ ಮೊದಲು ತಿಳ್ಕೊಳ್ಳಿ

ಹುಡುಕೋಕೆ ಕೂರೋ ಮುಂಚೆ ಒಂದ್ಸಲ ಲೈಬ್ರರಿಗೆ ಹೋಗಿ ಲೈಬ್ರರಿಯನ್ ಹತ್ರ ಎರಡೇ ಪ್ರಶ್ನೆ ಕೇಳಿ. ನಮಗೆ ಯಾವ್ಯಾವ ಡೇಟಾಬೇಸ್ (ಜರ್ನಲ್ ಲೇಖನಗಳನ್ನ ಒಂದೇ ಕಡೆ ಹುಡುಕೋ ಆನ್‌ಲೈನ್ ಸಂಗ್ರಹ) ಇದೆ? ಮನೆಯಿಂದ ಲಾಗಿನ್ ಆಗೋದು ಹೇಗೆ? ಲೈಬ್ರರಿಯನ್ ಅಂದ್ರೆ ಬುಕ್ ಇಶ್ಯೂ ಮಾಡೋರು ಅಷ್ಟೇ ಅಂದ್ಕೊಂಡಿರ್ತೀರ, ಆದ್ರೆ ಲೈಬ್ರರಿ ಸೈನ್ಸ್ ಓದಿರೋ ಅವ್ರಿಗೆ ಮಾಹಿತಿ ಹುಡುಕೋದೇ ಕಸುಬು, ಕೇಳಿದ್ರೆ ತುಂಬ ಜನ ಖುಷಿಯಿಂದ ಹೇಳ್ಕೊಡ್ತಾರೆ.

2025ರ ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಶುರುವಾಗಿದೆ, ಅಂದ್ರೆ ಸಂಸ್ಥೆಗಳ ಪರವಾಗಿ ಸರ್ಕಾರವೇ ಜರ್ನಲುಗಳ ಚಂದಾ ಕಟ್ಟೋ ಯೋಜನೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, ಕೇಂದ್ರ ಮತ್ತೆ ರಾಜ್ಯ ಸರ್ಕಾರಗಳ ಕೆಳಗೆ ಬರೋ ಸುಮಾರು 6,300 ಸಂಸ್ಥೆಗಳಿಗೆ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಆ್ಯಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎಲ್ಲಾ ಇದರಲ್ಲಿದೆ. ಸರ್ಕಾರಿ ಡಿಗ್ರಿ ಕಾಲೇಜಲ್ಲಿ ಓದ್ತಿರೋ ಎಷ್ಟೋ ಜನಕ್ಕೆ ಇದು ತಮಗೂ ಸೇರಿದ್ದು ಅಂತಾನೇ ಗೊತ್ತಿಲ್ಲ, ನನಗೆ ನಿಜಕ್ಕೂ ಬೇಜಾರಾಗೋದು ಅದೇ, ನಿಮ್ಮ ಹೆಸರಲ್ಲಿ ದುಡ್ಡು ಕಟ್ಟಾಗಿದೆ, ದಯವಿಟ್ಟು ಉಪಯೋಗಿಸ್ಕೊಳ್ಳಿ. ಇದನ್ನ ನಡೆಸೋದು ಗುಜರಾತಿನ ಗಾಂಧಿನಗರದಲ್ಲಿರೋ ಇನ್‌ಫ್ಲಿಬ್‌ನೆಟ್, ಯುಜಿಸಿಯ ಸಂಸ್ಥೆ. ಕಾಲೇಜುಗಳಿಗೆ ಅಂತ ಎನ್-ಲಿಸ್ಟ್ ಅನ್ನೋ ಆನ್‌ಲೈನ್ ಜರ್ನಲ್, ಪುಸ್ತಕಗಳ ಸೌಲಭ್ಯ ಕೊಡೋದೂ ಇವ್ರೇ, ಅದಕ್ಕೆ ಕಾಲೇಜು ಮೆಂಬರ್ ಆಗಿರ್ಬೇಕು, ಆಗಿದ್ರೆ ಲೈಬ್ರರಿಯಲ್ಲಿ ನಿಮ್ಮ ಹೆಸರು, ಇಮೇಲ್ ಸೇರಿಸಿ ಲಾಗಿನ್ ಮಾಡ್ಕೊಡ್ತಾರೆ. ಮೆಡಿಕಲ್, ನರ್ಸಿಂಗ್, ಫಾರ್ಮಸಿ ಕಡೆಯವ್ರಾದ್ರೆ ರಾಜೀವ್ ಗಾಂಧಿ ಆರೋಗ್ಯ ವಿವಿಯ ಹೆಲಿನೆಟ್ ಕೇಳಿ, ಎಂಜಿನಿಯರಿಂಗ್‌ನವ್ರು ವಿಟಿಯು ಕನ್ಸಾರ್ಷಿಯಂ, ಕೃಷಿ ವಿವಿಯವ್ರು ಸೆರಾ, ಇವೂ ಇಂಥದ್ದೇ ಜರ್ನಲ್ ಸೌಲಭ್ಯಗಳು.

ಇಲ್ಲಿ ಒಂದು ವಿಷಯ ಗೊತ್ತಿಲ್ದೆ ತುಂಬ ಜನ ವಾಪಸ್ ಬಂದ್ಬಿಡ್ತಾರೆ. ಡೇಟಾಬೇಸಿನವ್ರು ನಿಮ್ಮನ್ನ ಗುರುತಿಸೋದು ಕಾಲೇಜಿನ ಐಪಿ ಅಡ್ರೆಸ್, ಅಂದ್ರೆ ಇಂಟರ್ನೆಟ್ ಸಂಪರ್ಕದ ಗುರುತಿನ ನಂಬರ್ ನೋಡಿ. ಕ್ಯಾಂಪಸ್ ವೈಫೈನಲ್ಲಿ ಓಪನ್ ಆಗೋ ಅದೇ ಆರ್ಟಿಕಲ್ ಮೊಬೈಲ್ ಡೇಟಾದಲ್ಲಿ ತೆಗೆದ್ರೆ ಮೂವತ್ತು ನಲವತ್ತು ಡಾಲರ್ ಕೊಡಿ ಅನ್ನತ್ತೆ. ಅದನ್ನ ನೋಡಿ ಇದು ನಮಗೆ ಸಿಗಲ್ಲ ಅಂತ ಬಿಟ್ಬಿಡ್ಬೇಡಿ. ಆ ಪೇಜಲ್ಲೇ ನಿಮ್ಮ ಸಂಸ್ಥೆ ಮೂಲಕ ಲಾಗಿನ್ ಆಗೋ ಬಟನ್ ಇರತ್ತೆ, ಒತ್ತಿದ್ರೆ ಫೆಡರೇಷನ್ (ಒಂದೇ ಲಾಗಿನ್ ವ್ಯವಸ್ಥೆಗೆ ಸೇರಿದ ಸಂಸ್ಥೆಗಳ ಗುಂಪು) ಯಾವುದು ಅಂತ ಕೇಳತ್ತೆ, ಇನ್‌ಫೆಡ್ ಅಂತ ಆರಿಸ್ಕೊಂಡು ಕಾಲೇಜಿನ ಹೆಸರು ಹುಡುಕಿ ನಿಮ್ಮ ಐಡಿ ಹಾಕಿ. ಕೆಲವು ಕಾಲೇಜಲ್ಲಿ ಇದಕ್ಕೆ ಬೇರೆ ರಿಮೋಟ್ ಆಕ್ಸೆಸ್ ಸಾಫ್ಟ್‌ವೇರ್ ಇರತ್ತೆ, ಅದರ ಲಿಂಕ್ ಲೈಬ್ರರಿಯಿಂದಾನೇ ಸಿಗ್ಬೇಕು.

ಟೈಪ್ ಮಾಡೋ ಮುಂಚೆ ಪದಗಳ ಪಟ್ಟಿ

ಇಡೀ ಕೆಲಸದಲ್ಲಿ ಇದೇ ಮುಖ್ಯ, ಇದಕ್ಕೆ ಅರ್ಧ ಗಂಟೆ ಕೊಡಿ. ಡೇಟಾಬೇಸ್ ಗೂಗಲ್ ಥರ ನಿಮ್ಮ ಮನಸ್ಸಲ್ಲಿರೋದನ್ನ ಊಹಿಸೋಕೆ ಹೋಗಲ್ಲ, ಹೆಚ್ಚುಕಮ್ಮಿ ನೀವು ಕೊಟ್ಟ ಪದವನ್ನೇ ಹುಡುಕತ್ತೆ. ಪೂರ್ತಿ ವಾಕ್ಯ ಹಾಕಿದ್ರೆ ಏನೂ ಬರಲ್ಲ, ಇಲ್ಲಾಂದ್ರೆ ಲಕ್ಷಗಟ್ಲೆ ಬರತ್ತೆ.

ನಮ್ಮ ಟಾಪಿಕ್ ತಗೊಳ್ಳಿ. ಅದರಲ್ಲಿ ಮೂರು ಭಾಗ ಇದೆ: ಜಾಗ, ಕೆರೆ, ಬೋರ್‌ವೆಲ್. ಒಂದು ಹಾಳೇಲಿ ಮೂರು ಕಾಲಂ ಹಾಕಿ ಒಂದೊಂದರ ಕೆಳಗೂ ಆ ವಿಷಯಕ್ಕೆ ಸಂಶೋಧಕರು ಇಂಗ್ಲಿಷಲ್ಲಿ ಬಳಸೋ ಎಲ್ಲಾ ಪದ ಬರೀರಿ.

ಜಾಗದಿಂದ ಶುರು ಮಾಡೋಣ. ಕೋಲಾರ ಅಂತ ಒಂದೇ ಪದ ಹಾಕಿ ನೋಡಿ, ಬರೋದು ಏನ್ ಗೊತ್ತಾ, ಚಿನ್ನದ ಗಣಿ, ಕೋಲಾರ ಶಿಸ್ಟ್ ಬೆಲ್ಟಿನ ಕಲ್ಲುಗಳ ಬಗ್ಗೆ ಭೂವಿಜ್ಞಾನದ ಪೇಪರ್, ಕೆಜಿಎಫ್ ಗಣಿ ಒಳಗೆ 1965ರಲ್ಲಿ ನ್ಯೂಟ್ರಿನೋ ಪತ್ತೆ ಮಾಡಿದ ಫಿಸಿಕ್ಸ್ ಪೇಪರ್. ಇವನ್ನೆಲ್ಲ ನೋಡಿದ ತಕ್ಷಣ ನಮ್ಮದಲ್ಲ ಅಂತ ಬಿಡಬಹುದು. ನಿಜವಾದ ತೊಂದ್ರೆ ಇರೋದು ಮಧ್ಯಪ್ರದೇಶದಲ್ಲಿ. ಅಲ್ಲೂ ಕೋಲಾರ್ ಅಂತ ಒಂದು ನದಿ ಇದೆ, ನರ್ಮದೆಯ ಉಪನದಿ, ಅದರ ನೀರಿನ ಬಗ್ಗೆ ಹೈಡ್ರಾಲಜಿಯವ್ರು ಸಾಕಷ್ಟು ಪೇಪರ್ ಬರೆದಿದ್ದಾರೆ, ಟೈಟಲಲ್ಲಿ ಕೋಲಾರ್ ಇರತ್ತೆ, ನೀರೂ ಇರತ್ತೆ, ಮಳೆ ಹರಿವು ಎಲ್ಲಾ ಇರತ್ತೆ, ನಮ್ಮ ಜಿಲ್ಲೆದೇ ಅಂದ್ಕೊಂಡು ಕೋಟ್ ಮಾಡೋದು ತುಂಬ ಸುಲಭ. ಹಾಗಾಗಿ ಜಾಗದ ಹೆಸರಿನ ಜೊತೆ ಕರ್ನಾಟಕ ಅಂತ ಹಾಕ್ಲೇಬೇಕು.

ಅಲ್ಲಿಗೂ ಮುಗೀಲಿಲ್ಲ. 1973ರ ನವೆಂಬರ್‌ವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು, ಅದಕ್ಕಿಂತ ಹಳೇ ಲೇಖನ ಬೇಕಾದ್ರೆ ಮೈಸೂರು ಅಂತ ಹುಡುಕ್ಬೇಕು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಇವುಗಳ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ, ಅದಕ್ಕೂ ಮುಂಚಿನ ಪೇಪರಲ್ಲಿ ಬ್ಯಾಂಗಲೋರ್, ಮೈಸೋರ್, ಬೆಲ್ಗಾಮ್, ಗುಲ್ಬರ್ಗಾ ಅಂತಾನೇ ಇರತ್ತೆ, ಆಮೇಲೂ ಎಷ್ಟೋ ಜನ ಹಳೇ ಸ್ಪೆಲಿಂಗನ್ನೇ ಬರೀತಿದ್ದಾರೆ, ಹಾಗಾಗಿ ಎರಡನ್ನೂ ಹಾಕಿ. ಕೋಲಾರದ ವಿಷಯದಲ್ಲಿ ಇನ್ನೂ ಒಂದಿದೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕಿಂತ ಮುಂಚೆ ಕೋಲಾರ ಜಿಲ್ಲೆ ಅಂತ ಬರೆದಿರೋ ಅಂಕಿಅಂಶದಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು ಎಲ್ಲಾ ಸೇರಿರತ್ತೆ, 1990ರ ಕೆರೆ ಲೆಕ್ಕವನ್ನ 2015ರ ಲೆಕ್ಕದ ಪಕ್ಕ ಇಟ್ಟು "ಇಷ್ಟೊಂದು ಕೆರೆ ಕಮ್ಮಿ ಆಯ್ತು" ಅಂತ ಬರೆದ್ರೆ ವೈವಾದಲ್ಲಿ ಸಿಕ್ಕಿ ಹಾಕ್ಕೊಳ್ತೀರ.

ಎರಡನೇ ಕಾಲಂ ಕೆರೆ. ಇದನ್ನ ಲೇಕ್ ಅಂತ ಹಾಕಿದ್ರೆ ಬರೋದು ಹೆಚ್ಚಾಗಿ ಬೆಂಗಳೂರು ನಗರದ ಕೆರೆಗಳ ಮಾಲಿನ್ಯ, ಒತ್ತುವರಿ, ನೊರೆ. ಕೃಷಿ, ನೀರಾವರಿ ಕಡೆಯವ್ರು ಕೆರೆಗೆ ಟ್ಯಾಂಕ್ ಅಂತಾರೆ, ಟ್ಯಾಂಕ್ ಇರಿಗೇಶನ್ ಅಂತ ಹಾಕಿದ್ರೆ ಮಾತ್ರ ನಮಗೆ ಬೇಕಾದ ಲೇಖನ ಸಾಲಾಗಿ ಬರತ್ತೆ. ಬರೀ ಟ್ಯಾಂಕ್ ಅಂದ್ರೆ ಯುದ್ಧದ ಟ್ಯಾಂಕೂ ಬರತ್ತೆ ಪೆಟ್ರೋಲ್ ಟ್ಯಾಂಕೂ ಬರತ್ತೆ. ಕನ್ನಡದ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬಳಸೋ ಲೇಖಕರೂ ಇದ್ದಾರೆ, ತೂಬು ಎತ್ತಿ ಗದ್ದೆಗೆ ನೀರು ಬಿಡೋ ನೀರುಗಂಟಿ ಬಗ್ಗೆ ಬರೆಯೋವಾಗ ನೀರುಗಂಟಿ ಅಂತಾನೇ ಬರೀತಾರೆ, ಕೆಲವ್ರು ನೀರ್‌ಗಂಟಿ ಅಂತ. ಇಂಥ ಪದ ಹಾಕಿದ್ರೆ ಬರೋ ರಿಸಲ್ಟ್ ಕಮ್ಮಿ, ಆದ್ರೆ ಬರೋದೆಲ್ಲ ಚಿನ್ನ. ಯೋಜನೆಗಳ ಹೆಸರೂ ಬರ್ಕೊಳ್ಳಿ: 2002ರಲ್ಲಿ ವಿಶ್ವಬ್ಯಾಂಕ್ ನೆರವಲ್ಲಿ ಶುರುವಾದ ಕೆರೆ ಅಭಿವೃದ್ಧಿ ಕೆಲಸ ಮಾಡಿದ ಜಲ ಸಂವರ್ಧನೆ ಯೋಜನಾ ಸಂಘ, ಆಮೇಲೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನ ಕೋಲಾರದ ಕೆರೆಗೆ ಹರಿಸ್ತಿರೋ ಕೆ.ಸಿ. ವ್ಯಾಲಿ.

ಮೂರನೇದು ಬೋರ್‌ವೆಲ್. ಇಲ್ಲಿ ಒಂದೊಂದು ಡಿಪಾರ್ಟ್‌ಮೆಂಟಿನವ್ರು ಒಂದೊಂದು ಥರ ಮಾತಾಡ್ತಾರೆ. ಎಕನಾಮಿಕ್ಸ್‌ನವ್ರು ವೆಲ್ ಫೇಲ್ಯೂರ್, ಗ್ರೌಂಡ್‌ವಾಟರ್ ಓವರ್‌ಎಕ್ಸ್‌ಪ್ಲಾಯ್ಟೇಶನ್ ಅಂತಾರೆ, ಭೂವಿಜ್ಞಾನದವ್ರು ಹಾರ್ಡ್ ರಾಕ್ ಅಕ್ವಿಫರ್ ಅಂತಾರೆ, ಸೋಶಿಯಾಲಜಿಯವ್ರು ಕಾಮನ್ಸ್, ಆಕ್ಸೆಸ್ ಅಂತಾರೆ. ನಿಮ್ಮ ಪೇಪರ್ ಯಾವ ಸಬ್ಜೆಕ್ಟಿಗೆ ಬರೀತಿದ್ದೀರೋ ಆ ಕಡೆಯ ಪದ ಮೊದಲು ಹಾಕಿ.

ಪದಗಳನ್ನ ಜೋಡಿಸೋದು

ಒಂದೇ ಕಾಲಂನ ಪದಗಳ ನಡುವೆ ಆರ್ (OR), ಬೇರೆ ಬೇರೆ ಕಾಲಂಗಳ ನಡುವೆ ಆ್ಯಂಡ್ (AND), ಇಷ್ಟೇ ಸೂತ್ರ. ಕೋಲಾರ್ ಜೊತೆ ಕರ್ನಾಟಕ ಇರ್ಲೇಬೇಕು ಅಂದೆನಲ್ಲ, ಹಾಗಾಗಿ ಅವೆರಡರ ನಡುವೆ ಮಾತ್ರ ಆ್ಯಂಡ್. ಎರಡನ್ನೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಒಂದೊಂದು ಕಾಲಮ್ಮಿನ ಪದಗಳಿಗೂ ಬ್ರಾಕೆಟ್ ಹಾಕಿ. ಎರಡು ಪದ ಅಕ್ಕಪಕ್ಕಾನೇ ಇರ್ಬೇಕು ಅಂದ್ರೆ ಕೋಟ್ ಒಳಗೆ ಇಡಿ. ಅಂದ್ರೆ ನಮ್ಮ ಹುಡುಕಾಟ ಈ ಥರ ಆಗತ್ತೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ:

("ಟ್ಯಾಂಕ್ ಇರಿಗೇಶನ್" ಆರ್ "ಇರಿಗೇಶನ್ ಟ್ಯಾಂಕ್ಸ್") ಆ್ಯಂಡ್ (ಗ್ರೌಂಡ್‌ವಾಟರ್ ಆರ್ ಬೋರ್‌ವೆಲ್) ಆ್ಯಂಡ್ (ಕೋಲಾರ್ ಆ್ಯಂಡ್ ಕರ್ನಾಟಕ)

ಬೋರ್‌ವೆಲ್‌ನ ಒಂದೇ ಪದವಾಗಿ ಬರೆಯೋರೂ ಇದ್ದಾರೆ, ಮಧ್ಯ ಜಾಗ ಬಿಟ್ಟು ಬರೆಯೋರೂ ಇದ್ದಾರೆ, ಟ್ಯೂಬ್‌ವೆಲ್ ಅನ್ನೋರೂ ಇದ್ದಾರೆ, ಎಲ್ಲಾನೂ ಆರ್ ಹಾಕಿ ಸೇರಿಸಿ. ಪದದ ಬುಡ ಬರೆದು ನಕ್ಷತ್ರ ಚಿಹ್ನೆ (*) ಹಾಕಿದ್ರೆ ಅದರಿಂದ ಶುರುವಾಗೋ ಎಲ್ಲಾ ರೂಪ ಬರತ್ತೆ, ಅರ್ಬನೈಸೇಶನ್ ಅನ್ನೋದನ್ನ ಬ್ರಿಟಿಷ್ ಸ್ಪೆಲಿಂಗಲ್ಲೂ ಅಮೆರಿಕನ್ ಸ್ಪೆಲಿಂಗಲ್ಲೂ ಬರೀತಾರಲ್ಲ, ಅರ್ಬನ್ ಅಂತ ಬರೆದು ನಕ್ಷತ್ರ ಹಾಕಿದ್ರೆ ಎರಡೂ ಸಿಗತ್ತೆ. ಜೆಸ್ಟೋರ್, ಎಬ್‌ಸ್ಕೋ ಅನ್ನೋ ಡೇಟಾಬೇಸುಗಳಲ್ಲಿ ಇದು ನಡೆಯತ್ತೆ, ಸಂಶೋಧನಾ ಲೇಖನ ಹುಡುಕೋಕೆ ಅಂತ ಇರೋ ಗೂಗಲ್ ಸ್ಕಾಲರಲ್ಲಿ ನಡೆಯಲ್ಲ. ನಾಟ್ ಅಂತಾನೂ ಒಂದಿದೆ, ಚಿನ್ನ ಬೇಡ ಅಂತ ನಾಟ್ ಗೋಲ್ಡ್ ಹಾಕಬಹುದು, ಆದ್ರೆ ಕೆರೆ ಬಗ್ಗೆನೇ ಬರೆದು ಒಂದು ಕಡೆ ಕೋಲಾರದ ಚಿನ್ನದ ಗಣಿ ಹೆಸರು ಎತ್ತಿರೋ ಒಳ್ಳೇ ಲೇಖನಾನೂ ಹೋಗ್ಬಿಡತ್ತೆ, ನಾನಂತೂ ನಾಟ್ ಬಳಸೋದು ಬೇಡ ಅಂತಾನೇ ಹೇಳ್ತೀನಿ.

ರಿಸಲ್ಟ್ ಸಾವಿರಗಟ್ಲೆ ಬಂತಾ, ಹುಡುಕಾಟವನ್ನ ಟೈಟಲ್ ಅಥವಾ ಅಬ್‌ಸ್ಟ್ರಾಕ್ಟಿಗೆ (ಲೇಖನದ ಶುರುವಲ್ಲಿರೋ ಸಾರಾಂಶ) ಸೀಮಿತ ಮಾಡಿ, ಅಡ್ವಾನ್ಸ್ಡ್ ಸರ್ಚಲ್ಲಿ ಆ ಆಯ್ಕೆ ಇರತ್ತೆ. ಎರಡೇ ಬಂತಾ, ಜಾಗದ ಹೆಸರನ್ನ ದೊಡ್ಡದು ಮಾಡಿ, ಕೋಲಾರ ತೆಗೆದು ಕರ್ನಾಟಕ ಮಾತ್ರ ಇಡಿ, ಅದೂ ಸಾಲ್ದಿದ್ರೆ ಸೌತ್ ಇಂಡಿಯಾ. ತಮಿಳುನಾಡಿನ ಕೆರೆ ಬಗ್ಗೆ ಬರೆದಿರೋದೂ ಹೋಲಿಕೆಗೆ ಬರತ್ತೆ. ಒಂದೇ ಸರ್ಚಲ್ಲಿ ಎಲ್ಲಾ ಸಿಗ್ಬೇಕು ಅಂತ ಕಾಯ್ಬೇಡಿ, ನಾಲ್ಕೈದು ಸಲ ಪದ ಬದಲಾಯಿಸಿ ನೋಡೋದು ಎಲ್ಲಾ ಸಂಶೋಧಕರೂ ಮಾಡೋದೇ.

ಬಂದ ಪಟ್ಟಿಯನ್ನ ಜರಡಿ ಹಿಡಿಯೋದು

ಎಡಗಡೆ ಫಿಲ್ಟರ್ ಇರತ್ತೆ. ಪಿಯರ್ ರಿವ್ಯೂಡ್ ಅಂತ ಇದ್ರೆ ಟಿಕ್ ಮಾಡಿ, ವರ್ಷ ಆರಿಸಿ, ಸಬ್ಜೆಕ್ಟ್ ಆರಿಸಿ. ಫುಲ್ ಟೆಕ್ಸ್ಟ್ ಅನ್ನೋದನ್ನ ಮಾತ್ರ ಮೊದಲೇ ಟಿಕ್ ಮಾಡ್ಬೇಡಿ, ಈ ಡೇಟಾಬೇಸಲ್ಲಿ ಪಿಡಿಎಫ್ ಇಲ್ದಿದ್ರೂ ಬೇರೆ ಕಡೆ ಫ್ರೀಯಾಗಿ ಇರಬಹುದು, ಮೊದಲು ಯಾವುದು ಒಳ್ಳೇದು ಅಂತ ಗೊತ್ತಾಗ್ಲಿ.

ಜರ್ನಲಲ್ಲಿ ಬಂದಿದ್ದೆಲ್ಲ ಸಂಶೋಧನಾ ಲೇಖನ ಅಲ್ಲ ಅನ್ನೋದು ನೆನಪಿರ್ಲಿ. ಪುಸ್ತಕ ವಿಮರ್ಶೆ ಇರತ್ತೆ, ಸಂಪಾದಕೀಯ ಇರತ್ತೆ, ಜೆಸ್ಟೋರಲ್ಲಿ ಇದು ಎಲ್ಲರನ್ನೂ ದಾರಿ ತಪ್ಪಿಸತ್ತೆ, ಟೈಟಲ್ ನೋಡಿದ್ರೆ ನಮ್ಮದೇ ಟಾಪಿಕ್, ತೆಗೆದ್ರೆ ಎರಡು ಪುಟದ ಬುಕ್ ರಿವ್ಯೂ. ಪುಟ ಸಂಖ್ಯೆ ನೋಡಿ, ಎರಡು ಮೂರು ಪುಟ ಇದ್ರೆ ಅನುಮಾನ ಪಡಿ. ನಮ್ಮ ಸಮಾಜವಿಜ್ಞಾನದ ಮಕ್ಕಳಿಗೆ ತುಂಬ ಬೇಕಾಗೋ ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿಯಲ್ಲೂ ಅಷ್ಟೇ, ಕಾಮೆಂಟರಿ ಅಂತ ಬರೋದು ಬೇರೆ, ಸ್ಪೆಷಲ್ ಆರ್ಟಿಕಲ್ ಅಂತ ಬರೋ ಉದ್ದದ ಲೇಖನ ಬೇರೆ, ನಿಮಗೆ ಬೇಕಾಗಿರೋದು ಎರಡನೇದು.

ಇಪ್ಪತ್ತು ಲೇಖನ ಪೂರ್ತಿ ಓದೋಕೆ ಕೂರ್ಬೇಡಿ. ಅಬ್‌ಸ್ಟ್ರಾಕ್ಟ್ ಓದಿ, ಸರಿ ಅನ್ಸಿದ್ರೆ ಕೊನೆಯ ಕನ್‌ಕ್ಲೂಷನ್ ಓದಿ, ಆಮೇಲೂ ಬೇಕು ಅನ್ಸಿದ್ರೆ ಮಾತ್ರ ಇಳಿಸ್ಕೊಳ್ಳಿ. ಎಲ್ಲಿ, ಯಾವ ವರ್ಷ, ಎಷ್ಟು ಹಳ್ಳಿಯಲ್ಲಿ ಅಧ್ಯಯನ ಮಾಡಿದ್ದಾರೆ ಅನ್ನೋದನ್ನ ಒಂದು ಸಾಲಲ್ಲಿ ಬರೆದಿಟ್ಕೊಳ್ಳಿ, ಬರೆಯೋವಾಗ ಅದೇ ಕೈ ಹಿಡಿಯೋದು.

ಒಂದು ಒಳ್ಳೇ ಲೇಖನ ಸಿಕ್ತು, ಮುಂದೆ?

ಇನ್ಮೇಲೆ ಕೆಲಸ ಸುಲಭ. ಆ ಲೇಖನದ ಕೊನೆಯ ರೆಫರೆನ್ಸ್ ಪಟ್ಟಿ ನೋಡಿದ್ರೆ ಅದಕ್ಕಿಂತ ಹಿಂದೆ ಯಾರ್ಯಾರು ಬರೆದಿದ್ದಾರೆ ಅಂತ ಗೊತ್ತಾಗತ್ತೆ. ಅದೇ ಟೈಟಲನ್ನ ಗೂಗಲ್ ಸ್ಕಾಲರಲ್ಲಿ ಹಾಕಿ ಕೆಳಗಿರೋ ಸೈಟೆಡ್ ಬೈ ಒತ್ತಿದ್ರೆ ಅದಾದ್ಮೇಲೆ ಯಾರು ಬರೆದಿದ್ದಾರೆ ಅಂತ ಬರತ್ತೆ, ಆ ಪಟ್ಟಿಯ ಒಳಗೇ ಮತ್ತೆ ಹುಡುಕೋ ಆಯ್ಕೆನೂ ಇದೆ, ಅಲ್ಲಿ ಕರ್ನಾಟಕ ಅಂತ ಹಾಕಿ. ಒಂದೇ ಹೆಸರು ಮತ್ತೆ ಮತ್ತೆ ಬಂದ್ರೆ ಆ ಹೆಸರಿಂದಾನೇ ಹುಡುಕಿ. ಕರ್ನಾಟಕದ ಅಂತರ್ಜಲದ ಎಕನಾಮಿಕ್ಸ್ ಅಂದ್ರೆ ಎಂ.ಜಿ. ಚಂದ್ರಕಾಂತ್ ಹೆಸರು ಬರತ್ತೆ, ಬೆಂಗಳೂರಿನ ಕೆರೆ ಅಂದ್ರೆ ಹರಿಣಿ ನಾಗೇಂದ್ರ, ಟಿ.ವಿ. ರಾಮಚಂದ್ರ. ಬೆಂಗಳೂರು ನಾಗರಭಾವಿಯಲ್ಲಿರೋ ಐಸೆಕ್ ಅನ್ನೋ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆ ತನ್ನ ವರ್ಕಿಂಗ್ ಪೇಪರುಗಳನ್ನ (ಜರ್ನಲಲ್ಲಿ ಬರೋ ಮುಂಚಿನ ಕರಡು ಲೇಖನ) ವೆಬ್‌ಸೈಟಲ್ಲೇ ಫ್ರೀಯಾಗಿ ಹಾಕಿದೆ, ಕರ್ನಾಟಕದ ಕೃಷಿ, ನೀರು, ಪಂಚಾಯ್ತಿ ಬಗ್ಗೆ ಬರೆಯೋರು ಅದನ್ನ ನೋಡದೇ ಇರ್ಬಾರ್ದು, ಆದ್ರೆ ವರ್ಕಿಂಗ್ ಪೇಪರನ್ನ ಪಿಯರ್ ರಿವ್ಯೂಡ್ ಲೆಕ್ಕಕ್ಕೆ ಸೇರಿಸೋ ಮುಂಚೆ ಮೇಷ್ಟ್ರನ್ನ ಕೇಳಿ.

ದುಡ್ಡು ಕೇಳಿದ್ರೆ

ಯಾವ ಲೇಖನಕ್ಕೂ ಕೈಯಿಂದ ದುಡ್ಡು ಕೊಡ್ಬೇಡಿ. ಮೊದಲು ಕಾಲೇಜ್ ಲಾಗಿನ್ ನೋಡಿ. ಆಮೇಲೆ ಗೂಗಲ್ ಸ್ಕಾಲರಲ್ಲಿ ಆ ಲೇಖನದ ಕೆಳಗೆ ಆಲ್ ವರ್ಷನ್ಸ್ ಒತ್ತಿ, ಲೇಖಕರು ತಮ್ಮ ಯೂನಿವರ್ಸಿಟಿ ಪೇಜಲ್ಲಿ ಹಾಕಿರೋ ಕಾಪಿ ಸಿಗಬಹುದು. ಬ್ರೌಸರಿಗೆ ಅನ್‌ಪೇವಾಲ್ ಅನ್ನೋ ಎಕ್ಸ್‌ಟೆನ್ಶನ್ ಹಾಕ್ಕೊಂಡ್ರೆ ಕಾನೂನುಬದ್ಧ ಫ್ರೀ ಕಾಪಿ ಇದ್ರೆ ಅದೇ ತೋರಿಸತ್ತೆ. ಜೆಸ್ಟೋರಲ್ಲಿ ಸ್ವಂತ ಅಕೌಂಟ್ ಮಾಡ್ಕೊಂಡ್ರೆ ತಿಂಗಳಿಗೆ 100 ಲೇಖನದವರೆಗೆ ಆನ್‌ಲೈನಲ್ಲೇ ಓದಬಹುದು, ಡೌನ್‌ಲೋಡ್ ಇಲ್ಲ, ಎಲ್ಲಾ ಜರ್ನಲಿಗೂ ಅನ್ವಯಿಸಲ್ಲ, ಆದ್ರೂ ಕಾಲೇಜಲ್ಲಿ ಏನೂ ಇಲ್ದೇ ಇರೋರಿಗೆ ಇದು ದೊಡ್ಡ ಉಪಕಾರ. ಡಿಒಎಜೆ ಅನ್ನೋ ಡೈರೆಕ್ಟರಿಯಲ್ಲಿ ಇರೋ ಜರ್ನಲ್ ಎಲ್ಲಾ ಫ್ರೀ. ಯಾವುದೂ ಆಗ್ಲಿಲ್ವಾ, ಲೇಖಕರಿಗೇ ನಾಲ್ಕು ಸಾಲು ಇಮೇಲ್ ಬರೀರಿ, ನಾನು ಇಂಥ ಕಾಲೇಜಿನ ವಿದ್ಯಾರ್ಥಿ, ಈ ಅಸೈನ್‌ಮೆಂಟಿಗೆ ನಿಮ್ಮ ಲೇಖನ ಬೇಕಾಗಿದೆ, ಪಿಡಿಎಫ್ ಕಳಿಸ್ತೀರಾ ಅಂತ. ಸಂಕೋಚ ಬೇಡ, ತಮ್ಮ ಕೆಲಸ ಒಬ್ರು ಓದ್ತಾರೆ ಅಂದ್ರೆ ಬರೆದೋರಿಗೆ ಖುಷಿನೇ.

ಶೋಧಗಂಗಾ ಮತ್ತೆ ಕನ್ನಡದ ವಿಷಯಗಳು

ಶೋಧಗಂಗಾದಲ್ಲಿ ಭಾರತದ ಯೂನಿವರ್ಸಿಟಿಗಳ ಪಿಎಚ್‌ಡಿ ಥೀಸಿಸ್ ಇದೆ, ಎಲ್ಲರಿಗೂ ಫ್ರೀ. ಇಲ್ಲಿ ಒಂದು ಥೀಸಿಸ್ ಓಪನ್ ಮಾಡಿದ್ರೆ ಅಧ್ಯಾಯಕ್ಕೊಂದು ಪಿಡಿಎಫ್ ಅಂತ ಬಿಡಿಬಿಡಿಯಾಗಿ ಇರತ್ತೆ, ಸರ್ಟಿಫಿಕೇಟ್ ಬೇರೆ, ಪರಿವಿಡಿ ಬೇರೆ, ಮೊದಲನೇ ಅಧ್ಯಾಯ ಬೇರೆ. ಮೊದಲು ಬಿಬ್ಲಿಯಾಗ್ರಫಿ ಪಿಡಿಎಫ್ ತೆಗೀರಿ, ಆಮೇಲೆ ಲಿಟರೇಚರ್ ರಿವ್ಯೂ ಅಧ್ಯಾಯ, ಒಬ್ರು ವರ್ಷಗಟ್ಲೆ ಕೂತು ಹುಡುಕಿದ ಪಟ್ಟಿ ನಿಮಗೆ ಹತ್ತು ನಿಮಿಷದಲ್ಲಿ ಸಿಗತ್ತೆ. ಅದರಲ್ಲಿರೋ ಲೇಖನಗಳನ್ನ ನೀವೇ ಹುಡುಕಿ ಓದಿ ಕೋಟ್ ಮಾಡಿ, ಥೀಸಿಸಲ್ಲಿ ಬರೆದಿದ್ದನ್ನೇ ನಕಲು ಹೊಡೆದ್ರೆ ಪ್ಲೇಜರಿಸಂ ಚೆಕ್ಕಲ್ಲಿ ಗೊತ್ತಾಗ್ಬಿಡತ್ತೆ.

ಕನ್ನಡ ಎಂಎ ಮಾಡ್ತಿರೋರು, ವಚನ, ಜಾನಪದ, ಶಾಸನ ಈ ಥರ ಟಾಪಿಕ್ ಇರೋರು ಮೇಲೆ ಹೇಳಿದ ದೊಡ್ಡ ಡೇಟಾಬೇಸುಗಳಲ್ಲಿ ಹುಡುಕಿ ಸಿಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಕನ್ನಡದ ವಿದ್ವತ್ ಲೇಖನಗಳಲ್ಲಿ ಬಹಳಷ್ಟು ಆ ಡೇಟಾಬೇಸುಗಳ ಒಳಗೆ ಬಂದೇ ಇಲ್ಲ. ಶೋಧಗಂಗಾದಲ್ಲಿ ಕನ್ನಡ ಥೀಸಿಸ್ ಸಾಕಷ್ಟಿದೆ, ಆದ್ರೆ ಎಷ್ಟೋ ಸಲ ಟೈಟಲನ್ನ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರ್ತಾರೆ, ಹಾಗಾಗಿ ಕನ್ನಡ ಲಿಪಿಯಲ್ಲಿ ಒಂದ್ಸಲ, ಇಂಗ್ಲಿಷ್ ಅಕ್ಷರದಲ್ಲಿ ಒಂದ್ಸಲ ಹುಡುಕಿ, ವ ಅಕ್ಷರಕ್ಕೆ ಇಂಗ್ಲಿಷಲ್ಲಿ ಕೆಲವ್ರು ವಿ, ಕೆಲವ್ರು ಡಬ್ಲ್ಯೂ ಬಳಸ್ತಾರೆ, ದೀರ್ಘಕ್ಕೆ ಒಬ್ಬೊಬ್ರು ಒಂದೊಂದು ಥರ, ಎಲ್ಲಾ ಥರಾನೂ ಹಾಕಿ ನೋಡಿ. ಇಂಟರ್ನೆಟ್ ಆರ್ಕೈವಲ್ಲಿ ಹಳೇ ಕನ್ನಡ ಪುಸ್ತಕ ರಾಶಿ ಇದೆ. 1919ರಲ್ಲಿ ಶುರುವಾದ ಪ್ರಬುದ್ಧ ಕರ್ಣಾಟಕದಂಥ ಪತ್ರಿಕೆಯ ಹಳೇ ಸಂಪುಟ ಬೇಕು ಅಂದ್ರೆ ಯೂನಿವರ್ಸಿಟಿ ಲೈಬ್ರರಿಯ ಬೌಂಡ್ ವಾಲ್ಯೂಮ್ ವಿಭಾಗದಲ್ಲೂ ಕೇಳಿ, ಫೋಟೋ ತೆಗೆಯೋಕೆ ಪರ್ಮಿಷನ್ ಕೇಳಿ, ಕವರ್ ಪೇಜು, ಸಂಪುಟ, ಸಂಚಿಕೆ, ವರ್ಷ ಇರೋ ಪುಟಾನೂ ಮರೀದೇ ತೆಗೀರಿ.

ಮೋಸ ಹೋಗದೇ ಇರೋಕೆ

ದುಡ್ಡು ಕೊಟ್ರೆ ಏನ್ ಬೇಕಾದ್ರೂ ಅಚ್ಚು ಹಾಕೋ ಜರ್ನಲ್ ಬೇಕಾದಷ್ಟಿದೆ, ಹೆಸರಲ್ಲಿ ಇಂಟರ್‌ನ್ಯಾಷನಲ್ ಅಂತ ಇರತ್ತೆ. ಎರಡೇ ದಿನದಲ್ಲಿ ಪಬ್ಲಿಷ್ ಅಂತ ಜಾಹೀರಾತು ಹಾಕಿದ್ರೆ, ಒಂದೇ ಸಂಚಿಕೆಯಲ್ಲಿ ದಂತವೈದ್ಯ, ಬ್ಯಾಂಕಿಂಗ್, ಕಾವ್ಯ ಮೂರೂ ಇದ್ರೆ ಅದನ್ನ ಬಿಟ್ಬಿಡಿ. ಮೊದಲು ಯುಜಿಸಿ ಕೇರ್ ಅನ್ನೋ ಒಳ್ಳೇ ಜರ್ನಲುಗಳ ಪಟ್ಟಿ ನೋಡಿ ಅಂತ ಹೇಳ್ತಿದ್ರು, ಅದನ್ನ 2025ರಲ್ಲಿ ನಿಲ್ಲಿಸಿದ್ದಾರೆ, ಹಾಗಾಗಿ ಈಗ ನೀವೇ ಎಡಿಟರುಗಳು ಯಾರು, ಯಾವ ಯೂನಿವರ್ಸಿಟಿ ಅಂತ ನೋಡ್ಬೇಕು.

ಎಐ ಚಾಟ್‌ಬಾಟಿಗೆ ರೆಫರೆನ್ಸ್ ಕೊಡು ಅಂದ್ರೆ ಕೊಡತ್ತೆ, ಲೇಖಕರ ಹೆಸರು ನಿಜ, ಜರ್ನಲ್ ಹೆಸರು ನಿಜ, ಆದ್ರೆ ಅಂಥ ಲೇಖನಾನೇ ಇರಲ್ಲ, ಈ ಥರ ಆಗೋದುಂಟು. ಪದಗಳ ಪಟ್ಟಿ ಮಾಡೋಕೆ ಬೇಕಾದ್ರೆ ಅದನ್ನ ಕೇಳಿ, ರೆಫರೆನ್ಸ್ ಕೇಳ್ಬೇಡಿ. ಅನುಮಾನ ಬಂದ್ರೆ ಡಿಒಐ ನೋಡಿ, ಲೇಖನಕ್ಕೆ ಕೊಟ್ಟಿರೋ, 10. ಅಂತ ಶುರುವಾಗೋ ಗುರುತಿನ ನಂಬರ್ ಅದು, ಡಿಒಐ ಸೈಟಲ್ಲಿ ಹಾಕಿದ್ರೆ ಸೀದಾ ಆ ಲೇಖನದ ಪೇಜಿಗೇ ಹೋಗ್ಬೇಕು. ಹಳೇ ಲೇಖನ, ಭಾರತದ ಸಣ್ಣ ಜರ್ನಲ್ ಇವುಕ್ಕೆ ಡಿಒಐ ಇಲ್ದೇ ಇರಬಹುದು, ಆಗ ಜರ್ನಲಿನ ಆ ಸಂಚಿಕೆಯ ಪರಿವಿಡಿ ತೆಗೆದು ನೋಡಿ.

ಕೊನೇದಾಗಿ ಜೊಟೆರೋ. ಫ್ರೀ ಸಾಫ್ಟ್‌ವೇರ್, 2006ರಿಂದ ಇದೆ, ಕಂಪ್ಯೂಟರಿಗೂ ಬ್ರೌಸರಿಗೂ ಹಾಕ್ಕೊಳ್ಳಿ. ಲೇಖನದ ಪೇಜಲ್ಲಿ ಒಂದು ಬಟನ್ ಒತ್ತಿದ್ರೆ ಲೇಖಕರು, ವರ್ಷ, ಸಂಪುಟ, ಪುಟ ಎಲ್ಲಾ ತಾನೇ ತಗೊಳ್ಳತ್ತೆ, ಪಿಡಿಎಫ್ ಸಿಕ್ರೆ ಅದನ್ನೂ ಸೇರಿಸ್ಕೊಳ್ಳತ್ತೆ, ವರ್ಡಲ್ಲಿ ಬರೆಯೋವಾಗ ರೆಫರೆನ್ಸ್ ಬರೆಯೋ ಶೈಲಿ ಎಪಿಎ ಬೇಕಾ ಎಂಎಲ್‌ಎ ಬೇಕಾ ಅಂತ ಆರಿಸಿದ್ರೆ ರೆಫರೆನ್ಸ್ ಪಟ್ಟಿನೂ ಮಾಡ್ಕೊಡತ್ತೆ. ಒಂದನ್ನ ಮಾತ್ರ ಕೈಯಾರೆ ನೋಡಿ: ನಮ್ಮ ಕಡೆ ಹೆಸರುಗಳಲ್ಲಿ ಇನಿಶಿಯಲ್ ಇರತ್ತೆ, ಊರಿನ ಹೆಸರಿರತ್ತೆ, ಅದು ಯಾವುದನ್ನ ಸರ್‌ನೇಮ್ ಅಂತ ತಗೊಂಡಿದೆ ಅಂತ ಪಿಡಿಎಫ್ ಮೊದಲ ಪುಟದ ಜೊತೆ ಹೋಲಿಸಿ, ತಪ್ಪಿದ್ರೆ ಸಬ್ಮಿಟ್ ಮಾಡೋ ಮುಂಚೆ ಅಲ್ಲೇ ತಿದ್ದಿ.